ಹಳೆಯ ಗುಳ್ಳೆ, ಹೊಸ ವೈರಾಣು

ಕಳೆದ ಕಾರ್ತಿಕದಲ್ಲಿ ಕೊಪ್ಪ ತಾಲ್ಲೂಕಿನ ಸದ್ಭಕ್ತರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಐವತ್ತರ ಆಸುಪಾಸಿನ ಅಡಿಕೆ ಬೆಳೆಗಾರರು. ಪೆಂಫಿಗಸ್ ಎಂಬ ಗುಳ್ಳೆರೋಗಕ್ಕೆ ಎರಡು ವರ್ಷಗಳಿಂದ ಚಿಕಿತ್ಸೆ ಪಡೆಯುತ್ತಿದ್ದವರು. ಬಾಯಿಯ ಹುಣ್ಣು ಮಾಗಿ, ಎದೆಯ ಮೇಲಿನ ಗಾಯಗಳು ಒಣಗಿ, ಸ್ಟೀರಾಯ್ಡ್ ಮಾತ್ರೆಯ ಪ್ರಮಾಣವನ್ನು ವೈದ್ಯರು ಹಂತಹಂತವಾಗಿ ಇಳಿಸುತ್ತಿದ್ದ ಸಮಯದಲ್ಲಿ ತುಟಿಯ ಸುತ್ತಲೂ ಕುತ್ತಿಗೆಯ ಮೇಲೂ ಹೊಸ ಗಾಯಗಳು ಎದ್ದವು. ಮನೆಯವರು ಹಳೆಯದೇ ಮರುಕಳಿಸಿತೆಂದು ತಿಳಿದರು. ಹತ್ತಿರದ ಚಿಕಿತ್ಸಕರೊಬ್ಬರೂ ಹಾಗೆಯೇ ತಿಳಿದರು. ದಿನಕ್ಕೆ ಒಂದಿದ್ದ ಮಾತ್ರೆ ನಾಲ್ಕಾಯಿತು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಗಾಯಗಳು ಮುಖವನ್ನೆಲ್ಲ ಆವರಿಸಿ, ಗಂಜಿಯನ್ನೂ ನುಂಗಲಾಗದ ಸ್ಥಿತಿ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಗಾಯದ ತಳವನ್ನು ಕೆರೆದು ಪರೀಕ್ಷಿಸಿದಾಗ ತಿಳಿದುಬಂದದ್ದು, ಅದು ಪೆಂಫಿಗಸ್ ಮರುಕಳಿಸಿದ್ದಲ್ಲ, ಪೆಂಫಿಗಸ್‌ನಿಂದ ಸಡಿಲಗೊಂಡ ಚರ್ಮದೊಳಕ್ಕೆ ಹರ್ಪಿಸ್ ವೈರಾಣು ಹೊಕ್ಕಿದ್ದು ಎಂದು. ವೈರಾಣು ನಿರೋಧಕ ಔಷಧವನ್ನು ರಕ್ತನಾಳದ ಮೂಲಕ ನೀಡಲಾಯಿತು. ವಾರದೊಳಗೆ ಗಾಯಗಳು ಒಣಗತೊಡಗಿದವು.

ಅವರು ಈಗ ಕ್ಷೇಮವಾಗಿದ್ದಾರೆ. ಆದರೆ ಅಂದು ಅವರಾಡಿದ ಮಾತೊಂದು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. "ಗುಳ್ಳೆ ಅಂದ್ರೆ ಗುಳ್ಳೆನೇ ಅಲ್ವಾ ಡಾಕ್ಟ್ರೇ? ಅದರಲ್ಲಿ ಎರಡು ಥರ ಇರುತ್ತೆ, ಒಂದರ ಮದ್ದು ಇನ್ನೊಂದಕ್ಕೆ ವಿಷ ಆಗುತ್ತೆ ಅಂತ ನಮಗೆ ಯಾರು ಹೇಳಿದ್ರು?" ಎಂದು ಅವರು ಕೇಳಿದರು. ಯಾರೂ ಹೇಳಿರಲಿಲ್ಲ. ಮಾತ್ರೆ ಬರೆದುಕೊಟ್ಟವರು ಹೇಳಬೇಕಿತ್ತು. ನಮ್ಮ ವೃತ್ತಿಯವರ ಈ ಲೋಪವನ್ನು ಮೊದಲೇ ಒಪ್ಪಿಕೊಂಡು, ಅವರ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಲು ಯತ್ನಿಸುತ್ತೇವೆ.

ನಮ್ಮ ಚರ್ಮದ ಹೊರಪದರದ ಕೋಶಗಳು ಕಲ್ಲುಗೋಡೆಯ ಕಲ್ಲುಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವುಗಳ ನಡುವೆ ಗಾರೆಯ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಡೆಸ್ಮೋಗ್ಲಿನ್ ಎಂಬುದು ಮುಖ್ಯವಾದದ್ದು. ರೋಗಾಣುಗಳನ್ನು ಹೊಡೆದೋಡಿಸಬೇಕಾದ ಪ್ರತಿಕಾಯಗಳು ಯಾವುದೋ ಭ್ರಮೆಗೆ ಸಿಲುಕಿ ಈ ಗಾರೆಯನ್ನೇ ಶತ್ರುವೆಂದು ಬಗೆದು ದಾಳಿಯಿಟ್ಟಾಗ ಕೋಶಗಳು ಪರಸ್ಪರ ಬಿಡಿಸಿಕೊಂಡು, ನಡುವೆ ನೀರು ತುಂಬಿ, ಮೆತ್ತನೆಯ ಗುಳ್ಳೆಗಳು ಏಳುತ್ತವೆ. ಬಟ್ಟೆ ಉಜ್ಜಿದರೂ ಒಡೆದು ಹಸಿಗಾಯವಾಗುತ್ತವೆ. ಇದು ಪೆಂಫಿಗಸ್. ಅನೇಕರಲ್ಲಿ ಇದು ಬಾಯಿಯ ಹುಣ್ಣಿನಿಂದಲೇ ಆರಂಭವಾಗುವುದರಿಂದ ತಿಂಗಳುಗಟ್ಟಲೆ 'ಉಷ್ಣ'ವೆಂದು ಎಳನೀರು ಕುಡಿಯುತ್ತ ಕುಳಿತವರನ್ನು ನಾವು ಕಂಡಿದ್ದೇವೆ. ಇದರ ದಾಯಾದಿಯಂತಿರುವ ಬುಲ್ಲಸ್ ಪೆಂಫಿಗಾಯ್ಡ್ ಹೆಚ್ಚಾಗಿ ಎಪ್ಪತ್ತು ದಾಟಿದ ಹಿರಿಯರಿಗೆ ಬರುವಂಥದ್ದು. ಅದರಲ್ಲಿ ಪ್ರತಿಕಾಯಗಳ ದಾಳಿ ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಹಿಡಿದಿಡುವ ಕೊಂಡಿಗಳ ಮೇಲೆ. ಗುಳ್ಳೆಗಳು ಬಿಗಿಯಾಗಿರುತ್ತವೆ, ತುರಿಕೆ ವಿಪರೀತ. ಎರಡೂ ಅಂಟುರೋಗಗಳಲ್ಲ.

ಸ್ಟೀರಾಯ್ಡ್ ಬರುವ ಮುನ್ನ ಪೆಂಫಿಗಸ್ ಬಂದವರಲ್ಲಿ ಬದುಕುಳಿಯುತ್ತಿದ್ದವರು ವಿರಳ. 1950ರ ದಶಕದಲ್ಲಿ ಆ ಔಷಧ ಬಳಕೆಗೆ ಬಂದು ಚಿತ್ರವೇ ಬದಲಾಯಿತು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಜೆ. ಎಸ್. ಪಸ್ರೀಚಾ ಅವರು, ದೊಡ್ಡ ಪ್ರಮಾಣದ ಔಷಧವನ್ನು ಮೂರು ದಿನ ರಕ್ತನಾಳದ ಮೂಲಕ ನೀಡಿ, 28 ದಿನಗಳಿಗೊಮ್ಮೆ ಅದನ್ನೇ ಪುನರಾವರ್ತಿಸುವ 'ಪಲ್ಸ್' ಚಿಕಿತ್ಸೆಯನ್ನು ರೂಪಿಸಿದರು. ನಮ್ಮ ದೇಶದ ಎಷ್ಟೋ ಬಡ ರೋಗಿಗಳು ಬದುಕಿದ್ದು ಆ ಪದ್ಧತಿಯಿಂದ. ಈಗ ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಬಂದಿದೆ. ಇಷ್ಟಾದರೂ ಇಂದು ಪೆಂಫಿಗಸ್ ರೋಗಿ ಸಾಯುವುದಾದರೆ ಬಹುಮಟ್ಟಿಗೆ ಗುಳ್ಳೆಯಿಂದ ಸಾಯುವುದಿಲ್ಲ, ಸೋಂಕಿನಿಂದ ಸಾಯುತ್ತಾನೆ. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ಕೋರುತ್ತೇವೆ.

ಸೋಂಕು ಎಂದೊಡನೆ ಕೀವು, ದುರ್ವಾಸನೆ, ಆಂಟಿಬಯೋಟಿಕ್ ಎಂದು ಜನ ಭಾವಿಸುತ್ತಾರೆ. ಅದೂ ನಿಜ. ಬ್ಯಾಕ್ಟೀರಿಯಾಗಳ ಸೋಂಕನ್ನು ಮನೆಯವರೂ ಗುರುತಿಸಬಲ್ಲರು, ಹೆಚ್ಚಿನ ವೈದ್ಯರೂ ಗುರುತಿಸುತ್ತಾರೆ. ವೈರಾಣುವಿನ ಸೋಂಕು ಹಾಗಲ್ಲ. ಅದೂ ಗುಳ್ಳೆಯಾಗಿಯೇ ಬರುತ್ತದೆ, ಒಡೆದು ಹಸಿಗಾಯವೇ ಆಗುತ್ತದೆ. ಮನೆಗೆ ನುಗ್ಗಿದ ಕಳ್ಳ ಮನೆಯವರದೇ ಬಟ್ಟೆ ತೊಟ್ಟು ಅಂಗಳದಲ್ಲಿ ನಿಂತರೆ ಗುರುತಿಸುವವರಾರು?

ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣು ನಮ್ಮಲ್ಲಿ ಬಹುಪಾಲು ಜನರ ದೇಹದಲ್ಲಿ ಬಾಲ್ಯದಿಂದಲೇ ಮನೆಮಾಡಿಕೊಂಡಿರುತ್ತದೆ. ಜ್ವರ ಬಂದು ಹೋದಾಗ ತುಟಿಯ ಅಂಚಿನಲ್ಲಿ ಏಳುವ ಗುಳ್ಳೆಗಳ ಗೊಂಚಲು ಅದರದೇ. ಆರೋಗ್ಯವಂತರಲ್ಲಿ ಅದು ವಾರದಲ್ಲಿ ಒಣಗಿ ಮತ್ತೆ ನರದ ಬೇರಿಗೆ ಹಿಂದಿರುಗುತ್ತದೆ. ಆದರೆ ಪೆಂಫಿಗಸ್ ರೋಗಿಯಲ್ಲಿ ಅದಕ್ಕೆ ಎರಡು ಅನುಕೂಲಗಳು ಒಮ್ಮೆಗೇ ಒದಗುತ್ತವೆ. ಚರ್ಮದ ಗೋಡೆ ಮೊದಲೇ ಬಿರುಕುಬಿಟ್ಟಿದೆ. ಕಾವಲುಗಾರನಾದ ರೋಗನಿರೋಧಕ ಶಕ್ತಿಯನ್ನು ನಾವೇ ಔಷಧ ಕೊಟ್ಟು ಮಲಗಿಸಿದ್ದೇವೆ. ಹೀಗೆ ಹರ್ಪಿಸ್ ಚರ್ಮದ ಉದ್ದಗಲಕ್ಕೆ ಹಬ್ಬುವುದನ್ನು 1887ರಲ್ಲಿಯೇ ವಿಯೆನ್ನಾದ ವೈದ್ಯ ಮೊರಿಟ್ಸ್ ಕಪೋಸಿ ವರ್ಣಿಸಿದ್ದರು. ಇಂದಿಗೂ ಆ ಸ್ಥಿತಿಗೆ ಅವರದೇ ಹೆಸರಿದೆ.

ಹಾಗಾದರೆ ಗುರುತಿಸುವುದು ಹೇಗೆ? ಖಚಿತವಾಗಿ ಹೇಳಲು ಪರೀಕ್ಷೆಯೇ ಬೇಕು. ಆದರೂ ಸಂಶಯ ಪಡಲು ಕಣ್ಣಿದ್ದರೆ ಸಾಕು. ಪೆಂಫಿಗಸ್‌ನ ಗಾಯಗಳು ಗಾತ್ರದಲ್ಲಿ ಒಂದೊಂದು ಒಂದೊಂದು ಬಗೆ. ಹರ್ಪಿಸ್‌ನ ಗಾಯಗಳಾದರೋ ಹೆಚ್ಚುಕಡಿಮೆ ಒಂದೇ ಅಳತೆಯವು, ಸಣ್ಣ ಉಳಿಯಿಂದ ಒಂದೇ ಸಮನೆ ಹೊಡೆದು ತೆಗೆದಂತೆ ದುಂಡಗೆ, ಗುಂಪುಗುಂಪಾಗಿ ಇರುತ್ತವೆ. ನೋವು ಹಿಂದೆಂದಿಗಿಂತ ಹೆಚ್ಚು. ಇವೆಲ್ಲಕ್ಕಿಂತ ಮಿಗಿಲಾದ ಗುರುತು, ಇಷ್ಟು ದಿನ ಔಷಧಕ್ಕೆ ಮಣಿಯುತ್ತಿದ್ದ ರೋಗ ಇದ್ದಕ್ಕಿದ್ದಂತೆ ಮಣಿಯದಿರುವುದು. ಬಾಯಿಯ ಹುಣ್ಣೊಂದು, ಉಳಿದ ಗಾಯಗಳೆಲ್ಲ ಮಾಗಿದರೂ ತಾನೊಂದೇ ಹಟ ಹಿಡಿದು ನಿಂತಿದ್ದರೆ ಅಲ್ಲಿ ವೈರಾಣು ಇದೆಯೇ ಎಂದು ನೋಡಲೇಬೇಕು. ಆಗ ಸ್ಟೀರಾಯ್ಡ್ ಹೆಚ್ಚಿಸುವುದು ಉರಿಯುವ ಒಲೆಗೆ ತುಪ್ಪ ಸುರಿದಂತೆ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ದೊರೆಯುವ, ಕಜ್ಜಿಗೂ ಗುಳ್ಳೆಗೂ ಮೊಡವೆಗೂ ಒಂದೇ ಎಂದು ಮಾರುವ ಸ್ಟೀರಾಯ್ಡ್ ಮುಲಾಮುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆ ಪ್ರತಿಯಾದ ತಪ್ಪೂ ಒಂದಿದೆ, ಅದು ಇನ್ನೂ ಅಪಾಯಕಾರಿ. 'ಮಾತ್ರೆಯಿಂದಲೇ ವೈರಾಣು ಬಂತಂತೆ' ಎಂದು ಕೇಳಿದೊಡನೆ ಮಾತ್ರೆಯನ್ನೇ ಬಿಸುಡುವವರಿದ್ದಾರೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸ್ಟೀರಾಯ್ಡ್‌ಗೆ ಹೋಲುವ ರಸವನ್ನು ದಿನವೂ ತಾವಾಗಿಯೇ ಸ್ರವಿಸುತ್ತವೆ. ತಿಂಗಳುಗಟ್ಟಲೆ ಹೊರಗಿನಿಂದ ಮಾತ್ರೆ ಬರುತ್ತಿದ್ದರೆ ಅವು ಕೆಲಸ ಮರೆತು ಮಲಗಿಬಿಡುತ್ತವೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದಾಗ, ಅದರಲ್ಲೂ ಸೋಂಕಿನ ಸಂಕಟದಲ್ಲಿ ನಿಲ್ಲಿಸಿದಾಗ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಹೆಚ್ಚಿಸುವುದೂ ಬೇಡ, ನಿಲ್ಲಿಸುವುದೂ ಬೇಡ. ಇರುವಷ್ಟನ್ನೇ ನುಂಗಿ, ಅಂದೇ ಅಥವಾ ಮರುದಿನವೇ ಚರ್ಮವೈದ್ಯರನ್ನು ಕಾಣುವುದು. ಈ ಲೇಖನದಿಂದ ಸದ್ಭಕ್ತರು ಒಂದೇ ವಾಕ್ಯವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ.

ಇನ್ನು ಸರ್ಪಸುತ್ತಿನ ವಿಚಾರ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಯಾವ ಹಳ್ಳಿಗೆ ಹೋದರೂ ಈ ಹೆಸರು ತಿಳಿಯದವರಿಲ್ಲ. ಸೊಂಟದ ಅಥವಾ ಎದೆಯ ಒಂದೇ ಮಗ್ಗುಲಲ್ಲಿ ಪಟ್ಟಿಯಂತೆ ಗುಳ್ಳೆಗಳ ಸಾಲು, ಬೆಂಕಿಯಂಥ ಉರಿ. ಬಾಲ್ಯದಲ್ಲಿ ಸೀತಾಳೆ ಸಿಡುಬಿನ ರೂಪದಲ್ಲಿ ಬಂದ ವೈರಾಣು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ದೇಹದ ಶಕ್ತಿ ಕುಂದಿದಾಗ ಒಂದು ನರದ ಗುಂಟ ಹೊರಬರುವುದೇ ಸರ್ಪಸುತ್ತು. ಆ ನರ ಹೋದ ದಾರಿಯಲ್ಲಿ ಮಾತ್ರ ಗುಳ್ಳೆ ಏಳುವುದರಿಂದ ಹಾವು ಸುತ್ತಿಕೊಂಡಂತೆ ಕಾಣುತ್ತದೆ; ನಡುಗೆರೆಯನ್ನು ದಾಟುವುದು ಅಪರೂಪ. ಹೆಡೆಯೂ ಬಾಲವೂ ಕೂಡಿದರೆ ಸಾವು ಎಂಬ ಭಯ ಹುಟ್ಟಿದ್ದು ಈ ಆಕಾರದಿಂದಲೇ. ಆ ಭಯವನ್ನು ಪೂರ್ತಿ ಅಜ್ಞಾನವೆಂದು ನಾವು ತಳ್ಳಿಹಾಕುವುದಿಲ್ಲ. ಗುಳ್ಳೆಗಳು ಒಂದು ಮಗ್ಗುಲಿನಲ್ಲಿ ನಿಲ್ಲದೆ ಮೈತುಂಬ ಹರಡಿದರೆ ಅದು ನಿಜಕ್ಕೂ ಗಂಭೀರ ಸ್ಥಿತಿ, ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಲ್ಲಿ ಆಗುವಂಥದ್ದು. ಹಿರಿಯರು ಎಂದೋ ಯಾರಲ್ಲೋ ಅದನ್ನು ಕಂಡಿದ್ದಿರಬೇಕು.

ತಕರಾರು ಇರುವುದು ಭಯದ ಬಗ್ಗೆ ಅಲ್ಲ, ಭಯಪಟ್ಟ ಮೇಲೆ ಮಾಡುವ ಕೆಲಸದ ಬಗ್ಗೆ. ಸರ್ಪಸುತ್ತಿಗೆ ವೈರಾಣು ನಿರೋಧಕ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಪ್ರಯೋಜನ ಅತ್ಯಧಿಕ. ನಮ್ಮಲ್ಲಿ ಆ ಮೂರು ದಿನಗಳು ಹೋಗುವುದು ಎಲ್ಲಿಗೆ? ಮೊದಲ ದಿನ ಕೆಮ್ಮಣ್ಣಿನ ಲೇಪ, ಎರಡನೆಯ ದಿನ ಮಂತ್ರ ಹಾಕುವವರ ಮನೆ, ಮೂರನೆಯ ದಿನ ನಾಗದೋಷದ ಪ್ರಶ್ನೆ. ನಾಲ್ಕನೆಯ ದಿನ ಬಸ್ಸು. ಪೂಜೆಗೆ ನಾವು ಅಡ್ಡಬರುವವರಲ್ಲ. ಆದರೆ ಕೈಯಲ್ಲಿ ಇಷ್ಟಲಿಂಗ ಹಿಡಿದವರು ಕಾಯಿಲೆಯನ್ನು ಹಾವಿನ ಮುನಿಸೆಂದು ನಂಬಬೇಕಾದ ಅಗತ್ಯವೇನೆಂದು ಸದ್ಭಕ್ತರೇ ಯೋಚಿಸಲಿ. ಆರೋಗ್ಯವಂತ ಯುವಕನಿಗೆ ಬಂದ ಸರ್ಪಸುತ್ತು ಔಷಧವಿಲ್ಲದೆಯೂ ವಾಸಿಯಾದೀತು, ಕೆಮ್ಮಣ್ಣಿಗೆ ಕೀರ್ತಿಯೂ ಬಂದೀತು. ಪೆಂಫಿಗಸ್‌ಗೆ ಮಾತ್ರೆ ನುಂಗುತ್ತಿರುವವರ ಮಾತು ಬೇರೆ. ಅವರ ತೆರೆದ ಗಾಯದ ಮೇಲೆ ಮಣ್ಣು ಬಿದ್ದರೆ ಇನ್ನೊಂದು ಸೋಂಕನ್ನು ಕೈಯಾರೆ ಬಿತ್ತಿದಂತೆ. ಅವರಿಗೆ 72 ಗಂಟೆ ಮೀರಿದ್ದರೂ ಔಷಧ ಬೇಕೇ ಬೇಕು, ತಡವಾಯಿತೆಂದು ಕೈಬಿಡುವಂತಿಲ್ಲ. ಹಣೆಯ ಮೇಲೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರಂತೂ ಕಣ್ಣಿಗೆ ಅಪಾಯವಿದೆಯೆಂದು ತಿಳಿದು ಅಂದೇ ಹೊರಡಬೇಕು. ಒಂದು ಕಣ್ಣಿನ ದೃಷ್ಟಿ ಮಸುಕಾದ ಮೇಲೆ ಬಂದ ನರಸಿಂಹರಾಜಪುರ ಕಡೆಯ ತಾಯಿಯೊಬ್ಬರಿಗೆ ನಾವು ಹೇಳಬಹುದಾದದ್ದು ಹೆಚ್ಚೇನೂ ಇರಲಿಲ್ಲ.

ಔಷಧಗಳ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಿದೆ. ಪೆಂಫಿಗಸ್ ರೋಗಿಗಳಿಗೆ ನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಅಜಾಥಿಯೋಪ್ರಿನ್ ಎಂಬ ಮಾತ್ರೆಯೂ, ಆ ಕಾರಣದಿಂದ ನುಗ್ಗಿದ ಹರ್ಪಿಸ್ ಅನ್ನು ತಡೆಯುವ ಅಸೈಕ್ಲೋವಿರ್ ಎಂಬ ಮಾತ್ರೆಯೂ ಒಂದೇ ಸಂಸ್ಥೆಯ ಪ್ರಯೋಗಾಲಯಗಳಲ್ಲಿ ಹುಟ್ಟಿದವು. ಎರಡರ ಹಿಂದೆಯೂ ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಯ ಕೈಯಿದೆ. 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಕಾವಲುಗಾರನನ್ನು ಮಲಗಿಸುವ ಮದ್ದು ಕೊಟ್ಟವರೇ ಕಳ್ಳನನ್ನು ಹಿಡಿಯುವ ಮದ್ದನ್ನೂ ಕೊಟ್ಟರೆನ್ನಬಹುದು. ಅಸೈಕ್ಲೋವಿರ್ ಇಂದು ದುಬಾರಿ ಔಷಧವಲ್ಲ, ಸಣ್ಣ ಪೇಟೆಯ ಅಂಗಡಿಯಲ್ಲೂ ದೊರೆಯುತ್ತದೆ. ಮೂತ್ರಪಿಂಡದ ಸ್ಥಿತಿ ನೋಡಿ ಪ್ರಮಾಣ ನಿರ್ಧರಿಸಬೇಕಾದ್ದರಿಂದ ಸ್ವಂತ ಬುದ್ಧಿಯಿಂದ ನುಂಗುವಂಥದ್ದಲ್ಲ, ಅಷ್ಟೆ. ಅಂದರೆ ಕೊರತೆ ಇರುವುದು ಔಷಧಕ್ಕಲ್ಲ, ಇದು ವೈರಾಣು ಹೌದೋ ಅಲ್ಲವೋ ಎಂದು ಸಕಾಲದಲ್ಲಿ ಹೇಳುವ ವ್ಯವಸ್ಥೆಗೆ.

ಈ ವಿಷಯದಲ್ಲಿ ನಮಗೊಂದು ದೃಢವಾದ ಅಭಿಪ್ರಾಯವಿದೆ. 1947ರಲ್ಲಿ ಫ್ರಾನ್ಸಿನ ಆರ್ನೋ ಜಾಂಕ್ ಎಂಬ ವೈದ್ಯರು ಗುಳ್ಳೆರೋಗಗಳಿಗೆ ಅತಿ ಸರಳವಾದ ಪರೀಕ್ಷೆಯೊಂದನ್ನು ಬಳಕೆಗೆ ತಂದರು. ಗುಳ್ಳೆಯ ತಳವನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪೆಂಫಿಗಸ್ ಆಗಿದ್ದರೆ ಪರಸ್ಪರ ಬಿಡಿಸಿಕೊಂಡ ದುಂಡನೆಯ ಒಂಟಿ ಕೋಶಗಳು ಕಾಣುತ್ತವೆ. ಹರ್ಪಿಸ್ ಅಥವಾ ಸರ್ಪಸುತ್ತು ಆಗಿದ್ದರೆ ಒಂದೇ ಒಡಲಲ್ಲಿ ಹಲವು ಕೋಶಕೇಂದ್ರಗಳನ್ನು ಹೊತ್ತ ದೈತ್ಯ ಕೋಶಗಳು. ಅರ್ಧ ಗಂಟೆಯ ಕೆಲಸ. ಅದಕ್ಕೆ ಬೇಕಾದ ಬಣ್ಣ ಯಾವುದು? ಮಲೇರಿಯಾ ಪತ್ತೆಗೆ ರಕ್ತಲೇಪನಕ್ಕೆ ಬಳಸುವ ಬಣ್ಣಗಳೇ ಸಾಕು. ಮಲೇರಿಯಾ ನೋಡುವ ಸೂಕ್ಷ್ಮದರ್ಶಕ ಇರುವಲ್ಲೆಲ್ಲ ಇದನ್ನೂ ನೋಡಬಹುದು. ಹೀಗಿದ್ದೂ ಇಷ್ಟು ತಿಳಿಯಲು ನಮ್ಮ ಕಡೆಯ ರೋಗಿಗಳು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು, ಇಲ್ಲವೇ ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೆ ಹೋಗಬೇಕು. ಮಳೆಗಾಲದಲ್ಲಿ, ಮೈಯೆಲ್ಲ ಹಸಿಗಾಯವಾದವರನ್ನು ಆ ತಿರುವುಗಳಲ್ಲಿ ಕರೆದೊಯ್ಯುವುದು ಎಂಥ ಶಿಕ್ಷೆಯೆಂದು ಕರೆದೊಯ್ದವರಿಗೇ ಗೊತ್ತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ಪ್ರಯೋಗಾಲಯ ತಂತ್ರಜ್ಞರಿಗೆ ಈ ಪರೀಕ್ಷೆಯಲ್ಲಿ ತರಬೇತಿ ಕೊಟ್ಟರೆ, ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಪರೀಕ್ಷೆಗೆ ಮಿತಿಗಳಿವೆ: ಹರ್ಪಿಸ್ ಯಾವುದು, ಸರ್ಪಸುತ್ತು ಯಾವುದು ಎಂದು ಅದು ಬಿಡಿಸಿ ಹೇಳಲಾರದು, ಗಾಯ ಹಳೆಯದಾದರೆ ವೈರಾಣು ಇದ್ದರೂ ಕಾಣದೆ ಹೋಗಬಹುದು. ಖಚಿತಪಡಿಸಲು ಪಿ.ಸಿ.ಆರ್. ಪರೀಕ್ಷೆ ಇದ್ದೇ ಇದೆ. ಆದರೂ ದೈತ್ಯ ಕೋಶ ಕಂಡ ಗಳಿಗೆಯಲ್ಲೇ ಮೊದಲ ಮಾತ್ರೆಯನ್ನು ನುಂಗಿಸಬಹುದಲ್ಲ! ಆರೋಗ್ಯ ಇಲಾಖೆಯನ್ನು ಕೇಳುವುದಾದರೆ ಕೇಳಬೇಕಾದದ್ದು ಇದನ್ನು. ನಮ್ಮ ಭಾಗದ ಗ್ರಾಮ ಪಂಚಾಯತಿಗಳೂ ಸದ್ಭಕ್ತರ ಸಂಘಗಳೂ ಈ ಬೇಡಿಕೆಯನ್ನು ಬರಹದಲ್ಲಿ ಸಲ್ಲಿಸಲಿ.

ರಿಟುಕ್ಸಿಮ್ಯಾಬ್ ಪಡೆಯುವವರಿಗೆ ಒಂದು ಎಚ್ಚರಿಕೆ. ಹೆಪಟೈಟಿಸ್ ಬಿ ವೈರಾಣು ಹಿಂದೆಂದೋ ದೇಹ ಹೊಕ್ಕು ಸದ್ದಿಲ್ಲದೆ ಯಕೃತ್ತಿನಲ್ಲಿ ಉಳಿದಿದ್ದರೆ ಈ ಇಂಜೆಕ್ಷನ್ನಿನ ನಂತರ ಅದು ಮತ್ತೆ ಕೆರಳಿ ಯಕೃತ್ತನ್ನೇ ಹಾಳುಗೆಡವಬಹುದು. ಮೊದಲೇ ರಕ್ತಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ. ಕೇಳಲು ಸಂಕೋಚ ಬೇಡ. ಲಸಿಕೆಗಳ ಬಗೆಗೂ ಎರಡು ಮಾತು. ಸೀತಾಳೆ ಸಿಡುಬಿನ ಲಸಿಕೆಯಂಥ ಜೀವಂತ ವೈರಾಣುವಿನ ಲಸಿಕೆಗಳು ಈ ಔಷಧಗಳನ್ನು ಪಡೆಯುತ್ತಿರುವವರಿಗೆ ಸಲ್ಲವು. ಸರ್ಪಸುತ್ತಿಗೆ ಜೀವಂತ ವೈರಾಣು ಇಲ್ಲದ ಲಸಿಕೆಯೊಂದು 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. ಬೆಲೆ ಹೆಚ್ಚು. ಅನುಕೂಲವಿದ್ದವರು ವೈದ್ಯರೊಡನೆ ಚರ್ಚಿಸಲಿ.

ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ವೈರಾಣುವಿನ ಮಾತೆತ್ತಿ ಮಂಗನ ಕಾಯಿಲೆಯನ್ನು ಬಿಡಲಾದೀತೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಇತ್ತೀಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗಗಳಲ್ಲೂ ಕಾಣಿಸಿಕೊಂಡಿದೆ. 2024ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಾವೂ ಸಂಭವಿಸಿತು. ಮಂಗನ ಕಾಯಿಲೆ ಗುಳ್ಳೆ ಏಳಿಸುವುದಿಲ್ಲ, ಪೆಂಫಿಗಸ್ ಅನ್ನು ಕೆರಳಿಸುತ್ತದೆಂದೂ ನಾವು ಹೇಳುತ್ತಿಲ್ಲ. ಆದರೆ ಸ್ಟೀರಾಯ್ಡ್ ನುಂಗುವವರಲ್ಲಿ ಯಾವ ಸೋಂಕಿನ ಜ್ವರವೂ ಮುಚ್ಚಿಹೋಗುತ್ತದೆ. ಇತರರಿಗೆ ಮೈ ಸುಡುವಲ್ಲಿ ಇವರಿಗೆ ಬರೀ ಸುಸ್ತು, ಮೈಕೈ ನೋವು. ಡಿಸೆಂಬರಿನಿಂದ ಮೇ ತನಕದ ಕಾಲದಲ್ಲಿ ಇಷ್ಟೇ ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ತಾವು ಯಾವ ಮಾತ್ರೆ ನುಂಗುತ್ತಿದ್ದೇವೆಂಬುದನ್ನೂ ಕಾಡಿಗೆ ಹೋಗಿದ್ದೆವೋ ಇಲ್ಲವೋ ಎಂಬುದನ್ನೂ ತಿಳಿಸಬೇಕು. ಅಂಗಡಿಯ ನೋವಿನ ಮಾತ್ರೆಗಳನ್ನು ಮುಟ್ಟಬಾರದು. ಸ್ಟೀರಾಯ್ಡ್ ಜೊತೆ ಅವು ಜಠರವನ್ನು ಕೊರೆಯುತ್ತವೆ, ಮಂಗನ ಕಾಯಿಲೆಯಿದ್ದರೆ ರಕ್ತಸ್ರಾವದ ಭಯವನ್ನೂ ಹೆಚ್ಚಿಸುತ್ತವೆ.

ಇನ್ನೊಂದು ತೊಡಕು ಕೇವಲ ನಮ್ಮ ಕಡೆಯದು. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಗಾಯವಿರುವ ಚರ್ಮಕ್ಕೆ ಹಚ್ಚುವಂತಿಲ್ಲ. ಹಿಂದೆ ನೀಡುತ್ತಿದ್ದ ಲಸಿಕೆಯನ್ನೂ ಈಗ ನೀಡುತ್ತಿಲ್ಲ. ಹೀಗಾಗಿ ಗುಳ್ಳೆರೋಗ ಹತೋಟಿಗೆ ಬರುವವರೆಗೆ ಅಂಥವರು ದರಗು ಗುಡಿಸಲು, ಸೊಪ್ಪು ತರಲು ಕಾಡಿಗೆ ಹೋಗದಿರುವುದೊಂದೇ ದಾರಿ. ಮನೆಯ ಉಳಿದವರು ಆ ಕೆಲಸ ಹೊರಲಿ. ಕಾಯಕ ಬಿಟ್ಟು ಕುಳಿತೆನೆಂಬ ಅಳುಕು ನಮ್ಮ ಜನರನ್ನು ಕಾಯಿಲೆಗಿಂತ ಹೆಚ್ಚಾಗಿ ಕಾಡುತ್ತದೆ. ಆರು ತಿಂಗಳು ಮೈ ಕಾಯುವುದೂ ಕಾಯಕವೇ ಎಂದು ಮನೆಯ ಹಿರಿಯರು ಅವರಿಗೆ ಬಾಯಿಬಿಟ್ಟು ಹೇಳಬೇಕು.

ಕೊನೆಗೊಂದು ಸಂಕಟದ ವಿಷಯ. ಗುಳ್ಳೆರೋಗದವರಿಗೆ ತಟ್ಟೆಲೋಟ ಬೇರೆ ಇಡುವ, ಹಿಂದಿನ ಕೋಣೆಯಲ್ಲಿ ಮಲಗಿಸುವ, ಪಂಕ್ತಿಯಲ್ಲಿ ಕೂರಲು ಬಿಡದ ಮನೆಗಳನ್ನು ನಾವು ಕಂಡಿದ್ದೇವೆ, ಅವುಗಳಲ್ಲಿ ನಮ್ಮವರ ಮನೆಗಳೂ ಇವೆ. ಪಂಚಸೂತಕಗಳನ್ನೇ ಒಪ್ಪದ ಪರಂಪರೆಯಲ್ಲಿ ಹುಟ್ಟಿದವರು ಅಂಟದ ರೋಗಕ್ಕೆ ಹೊಸದೊಂದು ಸೂತಕ ಕಟ್ಟುವುದು ಸರಿಯೇ? ವೈರಾಣು ಸೇರಿಕೊಂಡ ದಿನಗಳಲ್ಲಿ ಎಚ್ಚರಿಕೆ ಬೇಕು, ಅದು ಸೂತಕವಲ್ಲ. ಸರ್ಪಸುತ್ತಿನ ಗುಳ್ಳೆಗಳು ಒಣಗುವವರೆಗೆ, ಸೀತಾಳೆ ಸಿಡುಬು ಬಾರದ ಗರ್ಭಿಣಿಯರೂ ಎಳೆಯ ಮಕ್ಕಳೂ ಅವನ್ನು ಮುಟ್ಟಬಾರದು. ತುಟಿಯ ಮೇಲೆ ಹರ್ಪಿಸ್ ಇರುವವರು ಹಸುಗೂಸಿಗೆ ಮುತ್ತಿಡಬಾರದು, ಪಾದೋದಕದ ಬಟ್ಟಲನ್ನು ತುಟಿಗೆ ತಾಗಿಸಿ ಮುಂದಕ್ಕೆ ಕೊಡಬಾರದು, ಅಂಗೈಗೆ ಹಾಕಿಸಿಕೊಂಡರಾಯಿತು. ಹಾಗೆಯೇ, ಮನೆಯಲ್ಲಿ ಯಾರ ತುಟಿಯ ಮೇಲಾದರೂ ಅಂಥ ಗುಳ್ಳೆ ಎದ್ದಿದ್ದರೆ ಅವರು ಪೆಂಫಿಗಸ್ ರೋಗಿಯ ಗಾಯ ತೊಳೆಯುವ ಕೆಲಸಕ್ಕೆ ಇಳಿಯಬಾರದು. ಅಪಾಯ ರೋಗಿಯಿಂದ ಮನೆಯವರಿಗೆ ಬರುವುದಕ್ಕಿಂತ ಮನೆಯವರಿಂದ ರೋಗಿಗೆ ಬರುವುದೇ ಹೆಚ್ಚು.

ಗಾಯ ಮೈಗೆ ಅಂಟದಂತೆ ಮಲಗಿಸಲು ನಮ್ಮ ಹಿತ್ತಿಲಿನ ಬಾಳೆ ಎಲೆಗಿಂತ ಒಳ್ಳೆಯ ಹಾಸು ಇಲ್ಲ. ದೊಡ್ಡ ಆಸ್ಪತ್ರೆಗಳ ಚರ್ಮವಿಭಾಗಗಳಲ್ಲೂ ಅದನ್ನು ಬಳಸುತ್ತಾರೆ. ಚೆನ್ನಾಗಿ ತೊಳೆದು, ಸೋಂಕು ಕಳೆದ ಎಲೆಯನ್ನು ದಿನವೂ ಬದಲಿಸಬೇಕು. ಶಿವದಾರವೂ ಕರಡಿಗೆಯೂ ಕುತ್ತಿಗೆಗೆ, ಎದೆಗೆ ಉಜ್ಜಿ ಗಾಯ ಮಾಡುತ್ತಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯನ್ನು ನಡುವೆ ಇರಿಸಿಕೊಳ್ಳಬಹುದು. ವಿಭೂತಿಯನ್ನು ಹಸಿಗಾಯದ ಮೇಲೆ ಹಚ್ಚದೆ ಚರ್ಮ ಗಟ್ಟಿಯಿರುವೆಡೆ ಧರಿಸಬಹುದು. ಇದರಿಂದ ಆಚಾರಕ್ಕೆ ಲೋಪವಾದೀತೆಂಬ ಅಳುಕಿದ್ದವರು ಶ್ರೀಮಠಕ್ಕೆ ಬಂದು ಗುರುಗಳಲ್ಲಿ ಕೇಳಿಕೊಳ್ಳಲಿ. ಕೊಪ್ಪದ ಆ ಸದ್ಭಕ್ತರು ಹಾಗೆಯೇ ಕೇಳಿ, ಹಳೆಯ ಪಂಚೆಯ ತುಂಡೊಂದನ್ನು ಮಡಚಿ ಶಿವದಾರದ ಕೆಳಗೆ ಇಟ್ಟುಕೊಂಡಿದ್ದಾರೆ. ಸ್ಟೀರಾಯ್ಡ್ ಮಾತ್ರೆಯ ಚೀಟಿಯೊಂದಿಗೆ, ಹೊಸ ಗಾಯ ಎದ್ದರೆ ಕರೆ ಮಾಡಬೇಕಾದ ವೈದ್ಯರ ದೂರವಾಣಿ ಸಂಖ್ಯೆಯನ್ನೂ ದೇವರ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ.